ನದಿ ಇಲ್ಲದ ಊರಿಗೆ ಹೋದ ಟೀಚರಮ್ಮ

ಹೋದ ವಾರ ನಮ್ಮ ಮಹಡಿಯ ಮೇಲಿನ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ಡಬ್ಬ ಹಿಡಿದು ಒಳಗೆ ಹೋದವನು ಹಾಗೆಯೇ ಹೊರಗೆ ಬಂದ. "ಅಮ್ಮಾ, ಒಂದ್ ಗೋಡೆ ಪೂರ್ತಿ ಕರ್ರಗೈತೆ. ಬೆಂಕಿಗಿಂಕಿ ಬಿದ್ದಿತ್ತಾ?" ಎಂದು ಕೇಳಿದ. ಬೆಂಕಿ ಅಲ್ಲಪ್ಪ, ಅದು ಬೋರ್ಡು ಎಂದೆ. ಮನೆಯೊಳಗೆ ಬೋರ್ಡು ಯಾಕೆ ಎಂದು ಅವನು ಕೇಳಲಿಲ್ಲ. ಮೂರು ಕೋಟ್ ಬೇಕಾಗುತ್ತೆ ಎಂದಷ್ಟೇ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬೆಳ್ಳಗಾಯಿತು. ಆಗ ನನಗೆ, ಆ ಬೋರ್ಡಿನ ಮುಂದೆ ನಿಂತಿದ್ದವಳ ಬಗ್ಗೆ ಎಲ್ಲಾದರೂ ನಾಲ್ಕು ಸಾಲು ಬರೆದಿಡಬೇಕು ಅನ್ನಿಸಿತು. ಬರೆದು ಅಭ್ಯಾಸವಿರುವವಳಲ್ಲ ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ಅವಳ ಹೆಸರು ಹೇಳುವುದಿಲ್ಲ. ಹೇಳಿದರೆ ಅವಳಿಗೆ ಹಿಡಿಸುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಟೀಚರಮ್ಮ. ಟೀಚರ್ ಆಗುವ ಮೊದಲೇ ನಮ್ಮ ಯಜಮಾನರು ತಮಾಷೆಗೆ ಇಟ್ಟ ಹೆಸರು ಅದು.

ನಮ್ಮದು ಹೊಸೂರು ರಸ್ತೆ ಪಕ್ಕದ ಸಿಂಗಸಂದ್ರ. ನಾನು ಮದುವೆಯಾಗಿ ಬಂದಾಗ ಮನೆ ಹಿಂದೆ ರಾಗಿ ಹೊಲವಿತ್ತು. ಈಗ ಅದೇ ಜಾಗದಲ್ಲಿ ಬಾಡಿಗೆ ಮನೆಗಳಿವೆ. ನನ್ನ ಮಗಳು ಮದುವೆಯಾಗಿ ಹೋದ ವರ್ಷವೇ ಇವಳು ತನ್ನ ತಾಯಿಯನ್ನು ಕರೆದುಕೊಂಡು ಮೇಲಿನ ಮನೆಗೆ ಬಂದಳು. ಆಗ ಅವಳಿಗೆ ಮೂವತ್ತೆರಡೋ ಮೂವತ್ಮೂರೋ ಇರಬೇಕು. ಮದುವೆಯಾಗಿರಲಿಲ್ಲ. ಬೊಮ್ಮಸಂದ್ರದ ಒಂದು ಮಾತ್ರೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಕೆಲಸ. ಒಂದು ಮಗಳು ಹೋದ ಜಾಗದಲ್ಲಿ ದೇವರು ಇನ್ನೊಬ್ಬಳನ್ನು ತಂದು ಕೂರಿಸಿದ ಎಂದು ನಾನು ಅಂದುಕೊಂಡೆ. ಅವಳು ಹಾಗೆ ಅಂದುಕೊಂಡಿರಲಿಲ್ಲ ಬಿಡಿ. ಮೊದಲ ಆರು ತಿಂಗಳು ನನ್ನ ಹತ್ತಿರ ಮಾತಾಡಿದ್ದೇ "ಅಕ್ಕ, ಮೋಟಾರ್ ಹಾಕಿ", "ಅಕ್ಕ, ಗೇಟ್ ಕೀ" ಎರಡೇ.

ಫ್ಯಾಕ್ಟರಿಯಲ್ಲಿ ಅವಳ ಕೆಲಸ ನೋಡುವುದು. ಅಷ್ಟೇ, ನೋಡುವುದು. ಮಾತ್ರೆಯ ಸ್ಟ್ರಿಪ್‌ಗಳು ಸಾಲಾಗಿ ಬರುತ್ತವೆ. ಒಂದು ಮಾತ್ರೆ ಒಡೆದಿದ್ದರೆ, ಒಂದು ಗೂಡು ಖಾಲಿ ಇದ್ದರೆ, ಆ ಇಡೀ ಸ್ಟ್ರಿಪ್ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಎಂಟು ಗಂಟೆ ಅದೇ ಕೆಲಸ. ಆ ಕಣ್ಣು ಮನೆಗೂ ಬಂದಿತ್ತು. ನಾನು ಕೊಟ್ಟ ದೋಸೆಯನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ತಿನ್ನುತ್ತಿದ್ದಳು. ಏನೇ ನೋಡ್ತೀಯ, ಕಲ್ಲಿದೆಯಾ ಎಂದರೆ, "ಅಯ್ಯೋ ಇಲ್ಲ ಅಕ್ಕ, ಕೈಗೆ ಅಭ್ಯಾಸ ಆಗೋಗಿದೆ" ಅನ್ನುತ್ತಿದ್ದಳು. ನನ್ನ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಮೆಟ್ಟಿಲ ಮೇಲಿಂದಲೇ ಕಂಡುಹಿಡಿಯುತ್ತಿದ್ದಳು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬಂದು ಆ ಜಾಗದಲ್ಲಿ ಬಗ್ಗಿ, ಚುಕ್ಕಿ ಇಟ್ಟು ಹೋಗುತ್ತಿದ್ದಳು.

ಅವಳ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಕೆಳಗೆ ಬಂದು, ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕ, ಬಿ.ಎಡ್.ಗೆ ಸೇರ್ಕೊಂಡೆ" ಅಂದಳು. ಮೊದಲಿನಿಂದಲೂ ಟೀಚರ್ ಆಗಬೇಕೆಂಬ ಆಸೆ ಇತ್ತಂತೆ. ಬಿ.ಎ. ಮುಗಿಸಿದ ವರ್ಷ ತಂದೆ ಹೋದರು, ಫ್ಯಾಕ್ಟರಿಗೆ ಸೇರಿದಳು, ಹದಿನೈದು ವರ್ಷ ಕಳೆಯಿತು. ಅವಳ ಚಿಕ್ಕಪ್ಪನ ಮನೆಯವರು ನಕ್ಕರಂತೆ, ಈ ವಯಸ್ಸಿಗೆ ನಿನ್ನ ಮಕ್ಕಳು ಶಾಲೆಗೆ ಹೋಗಬೇಕಿತ್ತು, ನೀನು ಹೋಗ್ತೀಯಾ ಎಂದು. ಅದನ್ನು ಹೇಳುವಾಗ ಅವಳೂ ನಗುತ್ತಿದ್ದಳು. ನಾನು ನಗಲಿಲ್ಲ. ದೇವರ ಮುಂದೆ ಒಂದು ಬತ್ತಿ ಜಾಸ್ತಿ ಹಚ್ಚಿದೆ.

ಬೆಳಗಿನ ಹೊತ್ತು ಕಾಲೇಜು, ಮಧ್ಯಾಹ್ನದಿಂದ ಎರಡನೇ ಶಿಫ್ಟ್. ಯಾವಾಗ ಓದುತ್ತಾಳೆ ಎಂದು ನನಗೆ ಆಶ್ಚರ್ಯ. ಒಂದು ದಿನ ಯಜಮಾನರ ಹತ್ತಿರ ಬಂದು, "ಅಣ್ಣ, ಒಂದು ಗೋಡೆಗೆ ಕಪ್ಪು ಬಣ್ಣ ಹೊಡ್ಕೊಳ್ಲಾ? ಖಾಲಿ ಮಾಡುವಾಗ ಸರಿ ಮಾಡಿಸಿ ಕೊಡ್ತೀನಿ" ಎಂದು ಕೇಳಿದಳು. ಯಜಮಾನರು ಮೊಳೆ ಹೊಡೆಯಲಿಕ್ಕೂ ಬಿಡುವ ಜನ ಅಲ್ಲ. ಅವತ್ತು ಅದೇನು ತೋಚಿತೋ, "ಹೊಡ್ಕೊಳಮ್ಮ, ಗೋಡೆನೂ ನಾಕಕ್ಷರ ಕಲೀಲಿ" ಅಂದುಬಿಟ್ಟರು.

ಗೋಡೆ ಆಯಿತು, ವಿದ್ಯಾರ್ಥಿ ಬೇಕಲ್ಲ. ನಾನೇ ಆದೆ.

ಭಾನುವಾರ ಅಡುಗೆ ಮುಗಿಸಿ, ಸೊಪ್ಪು ಬಿಡಿಸುವ ಮೊರ ಹಿಡಿದು ಮೇಲೆ ಹೋಗಿ ಕೂರುತ್ತಿದ್ದೆ. ಅವಳು ಸೀರೆ ಉಟ್ಟು, ಸೆರಗಿಗೆ ಪಿನ್ ಹಾಕಿ, ಬಾಗಿಲ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತಿದ್ದಳು. ಬಂದ ಕೂಡಲೇ ನಾನು ಎದ್ದು ನಿಲ್ಲಬೇಕು. ಮೊರ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆ. ಇಂಗ್ಲಿಷಿನಲ್ಲಿ ಪಾಠ. ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಒಂದು ಸಂಗತಿ ಗಮನಿಸಿದ್ದೆ. ಪ್ರಶ್ನೆ ಕೇಳಿದ ಮೇಲೆ ಅವಳು ಕಾಯುತ್ತಿದ್ದಳು. ನಮ್ಮ ಕಾಲದ ಮೇಷ್ಟ್ರು ಪ್ರಶ್ನೆ ಕೇಳಿ, ಉತ್ತರ ಬಾಯಿಗೆ ಬರುವಷ್ಟರಲ್ಲಿ ಕೋಲು ಎತ್ತುತ್ತಿದ್ದರು. ಇವಳು ಸೀಮೆಸುಣ್ಣವನ್ನು ಬೆರಳ ನಡುವೆ ತಿರುಗಿಸುತ್ತಾ, ನನ್ನ ಮುಖವನ್ನೇ ನೋಡುತ್ತಾ, ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದಳು. ಸೊಪ್ಪು ಬಾಡಿದರೂ ಪರವಾಗಿಲ್ಲ, ನಾನು ಏನಾದರೂ ಹೇಳಲೇಬೇಕು.

ಒಂದು ಸಲ ಮಳೆ ಹೇಗೆ ಬರುತ್ತದೆ ಎಂದು ಕೇಳಿದಳು. "ದೇವರು ಕೊಡ್ತಾನೆ" ಅಂದೆ.

"ಅದು ಯಾರು ಕೊಡ್ತಾರೆ ಅನ್ನೋದಕ್ಕೆ ಉತ್ತರ ಅಕ್ಕ. ನಾನು ಕೇಳಿದ್ದು ಹೇಗೆ ಅಂತ."

ಅದೇ ಹೊತ್ತಿಗೆ ಯಜಮಾನರು ಟ್ಯಾಂಕ್ ನೋಡಲು ಮೇಲೆ ಬಂದವರು ಕಿಟಕಿಯಲ್ಲಿ ಇಣುಕಿ, "ಟೀಚರಮ್ಮ, ನಿಮ್ಮ ಸ್ಟೂಡೆಂಟ್ ಇವತ್ತು ಸಾರಿಗೆ ಉಪ್ಪೇ ಹಾಕಿಲ್ಲ. ಬೆಂಚ್ ಮೇಲೆ ನಿಲ್ಸಿ" ಅಂದರು.

"ಹೋಂವರ್ಕ್ ಜಾಸ್ತಿ ಕೊಟ್ಟಿದ್ದೆ ಅಣ್ಣ, ತಪ್ಪು ನಂದೇ" ಅಂದಳು ಅವಳು, ಒಂಚೂರೂ ನಗದೆ.

ನನಗೆ ಸಂಜೆ ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ. ಹಾಲು ಉಕ್ಕಲಿಲ್ಲ, ಮಂಡಿನೋವು ಕಡಿಮೆ ಇತ್ತು, ಮಗಳು ಫೋನ್ ಮಾಡಿದಳು, ಹೀಗೆ. ನಮ್ಮಮ್ಮ ಹೇಳುತ್ತಿದ್ದಳು, ನಾನೂ ಹೇಳುತ್ತೇನೆ. ಅದನ್ನು ಕೇಳಿಸಿಕೊಂಡು, "ಏನಕ್ಕ, ದೇವರ ಹತ್ರ ಹಾಜರಿ ತಗೋತೀರಾ" ಎಂದು ಛೇಡಿಸುತ್ತಿದ್ದಳು. ಆದರೆ ಪರೀಕ್ಷೆಯ ದಿನಗಳಲ್ಲಿ ತಾನೇ ಬಂದು ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದಳು. ನಾನು ಛೇಡಿಸಲಿಲ್ಲ.

ಎರಡನೇ ವರ್ಷ ಅವಳ ಕಾಲೇಜಿಗೆ ಮಾಲ್ಡೀವ್ಸಿನ ಒಂದು ಶಾಲೆಯ ಜೊತೆ ಒಪ್ಪಂದವಾಯಿತು. ಬಿ.ಎಡ್. ಮಾಡುವವರು ನಿಜವಾದ ಶಾಲೆಗೆ ಹೋಗಿ ಕೆಲವು ವಾರ ಪಾಠ ಮಾಡಬೇಕಲ್ಲ, ಅದನ್ನು ಇಬ್ಬರು ಅಲ್ಲಿಗೆ ಹೋಗಿ ಮಾಡಬಹುದು ಎಂದು. ಖರ್ಚು ಆ ಕಡೆಯವರದೇ. ಹುಡುಗಿಯರಲ್ಲಿ ಹೆಚ್ಚಿನವರನ್ನು ಮನೆಯಲ್ಲಿ ಬಿಡಲಿಲ್ಲ. ಇವಳಿಗೆ ಬೇಡ ಅನ್ನಲು ಮನೆಯಲ್ಲಿ ಯಾರೂ ಇರಲಿಲ್ಲ. "ನೋಡಿ ಅಕ್ಕ, ಯಾರೂ ಇಲ್ದಿರೋದು ಒಂದ್ಸಲನಾದ್ರೂ ಉಪಯೋಗಕ್ಕೆ ಬಂತು" ಎಂದಳು. ಆ ಮಾತಿಗೆ ನಾನು ಅವಳಿಗೆ ಚೆನ್ನಾಗಿ ಬೈದೆ.

ಆದರೆ ಫ್ಯಾಕ್ಟರಿಯಲ್ಲಿ ಹತ್ತು ವಾರ ರಜೆ ಕೊಡಲಿಲ್ಲ. ಕೆಲಸ ಬಿಟ್ಟಳು. ಅಲ್ಲಿಗೆ ವಿಷಯ ತಮಾಷೆಯಾಗಿ ಉಳಿಯಲಿಲ್ಲ. ಕೊನೆಯ ವಾರ ಒಂದು ಪರೀಕ್ಷಾ ಪಾಠ ಇರುತ್ತದಂತೆ. ಅಲ್ಲಿಯ ಮೇಡಂ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಬರೆಯುತ್ತಾರೆ. ಅವರು ಸರಿ ಎಂದು ಬರೆದರೆ ಟೀಚರ್. ಇಲ್ಲವಾದರೆ ಮೂವತ್ತೇಳು ವರ್ಷಕ್ಕೆ ಕೆಲಸವೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಬೊಮ್ಮಸಂದ್ರದಲ್ಲಿ ಅವಳ ಜಾಗಕ್ಕೆ ಆ ವಾರವೇ ಹೊಸಬರನ್ನು ತೆಗೆದುಕೊಂಡಾಗಿತ್ತು.

ಹೊರಡುವ ಹಿಂದಿನ ದಿನ ನಾನು ರಾಗಿ ಹಿಟ್ಟು, ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಟ್ಟಿಕೊಟ್ಟೆ. ಬೇಗೂರಿನ ಈಶ್ವರನ ಗುಡಿಯಿಂದ ವಿಭೂತಿ ತಂದಿದ್ದೆ. ಜೊತೆಗೆ ನಮ್ಮ ದೇವರ ಗೂಡಿನಲ್ಲಿದ್ದ ಹೆಬ್ಬೆರಳಷ್ಟು ಗಣಪನನ್ನು ಕೊಡಲು ಹೋದೆ. ಆ ದೇಶಕ್ಕೆ ವಿಗ್ರಹ ತೆಗೆದುಕೊಂಡು ಹೋಗುವ ಹಾಗಿಲ್ಲ ಎಂದಳು. ನನಗೆ ಕಸಿವಿಸಿಯಾಯಿತು. ಅವಳು ಗಣಪನನ್ನು ವಾಪಸ್ ನನ್ನ ಅಂಗೈಯಲ್ಲಿಟ್ಟು, "ಅಲ್ಲೂ ಅವನೇ ಇರ್ತಾನೆ ಅಂತ ನೀವೇ ತಾನೇ ಹೇಳೋದು. ಇಲ್ಲಿಂದ ಹೊತ್ಕೊಂಡು ಹೋದ್ರೆ ಅವನಿಗೆ ಎರಡೆರಡು ಕಡೆ ಡ್ಯೂಟಿ" ಅಂದಳು.

ಹೋದ ಮೇಲೆ ವಾರಕ್ಕೆ ಎರಡು ಸಲ ವಿಡಿಯೋ ಕಾಲ್ ಮಾಡುತ್ತಿದ್ದಳು. ನಾನು ಸಮುದ್ರ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ರಾಮೇಶ್ವರದಲ್ಲಿ. ಅವಳಿದ್ದ ದ್ವೀಪದಲ್ಲಿ ಸಮುದ್ರ ಬೀದಿಯ ಈ ಕೊನೆಯಲ್ಲೂ ಇತ್ತು, ಆ ಕೊನೆಯಲ್ಲೂ ಇತ್ತು. ಈ ದಡದಿಂದ ಆ ದಡಕ್ಕೆ ನಡೆದರೆ ಕಾಲು ಗಂಟೆಯಂತೆ. ನಮ್ಮ ಮನೆಯಿಂದ ಹೊಸೂರು ರಸ್ತೆ ದಾಟಿ ಆ ಕಡೆಗೆ ಹೋಗಲಿಕ್ಕೇ ಅಷ್ಟು ಹೊತ್ತು ಬೇಕು. ಬೀದಿಯೆಲ್ಲ ಬಿಳಿ ಮರಳು. ನಾಯಿ ಒಂದೂ ಇಲ್ಲ. ಬೆಟ್ಟವಿಲ್ಲ, ಕೆರೆಯಿಲ್ಲ. ಕುಡಿಯಲು ಮಳೆ ನೀರನ್ನೇ ತೊಟ್ಟಿಯಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ಸಾಲದಿದ್ದರೆ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುತ್ತಾರೆ. ಅವಳು ಉಳಿದುಕೊಂಡಿದ್ದ ಮನೆಯ ಯಜಮಾನಿತಿ ದಿನಕ್ಕೆ ಐದು ಸಲ ನಮಾಜು ಮಾಡುತ್ತಾರಂತೆ. "ನಿಮ್ಮ ಥರಾನೇ ಅಕ್ಕ. ಮೀನಿನ ಸಾರು ಒಲೆ ಮೇಲಿಟ್ಟು ದೇವರಿಗೆ ಒಪ್ಪಿಸಿ ಹೋಗ್ತಾರೆ. ವಾಪಸ್ ಬರೋವರೆಗೂ ದೇವರೇ ಸೌಟು ಆಡಿಸ್ಬೇಕು" ಎಂದಳು. ನಾನು ಕೇಳಿ ಸಮಾಧಾನಪಟ್ಟೆ. ಅವಳನ್ನು ನೋಡಿಕೊಳ್ಳಲು ಅಲ್ಲಿಯೂ ಒಬ್ಬರಿದ್ದಾರೆ ಎಂದು.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಇದನ್ನು ಮೊದಲ ದಿನವೇ ಹೇಳಿದ್ದಳು. "ಹಾಗಾದ್ರೆ ನನಗಿಂತ ಅರ್ಧ ಗಂಟೆ ಚಿಕ್ಕೋಳಾದೆ ಬಿಡು" ಎಂದು ನಾನೂ ನಕ್ಕಿದ್ದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದು. ಚೆನ್ನಾಗಿ ಗೊತ್ತಿತ್ತು.

ಒಂಬತ್ತನೇ ವಾರ ಫೋನ್ ಮಾಡಿದಾಗ ಅವಳ ಮುಖ ಸರಿಯಿರಲಿಲ್ಲ. ಪರೀಕ್ಷಾ ಪಾಠಕ್ಕೆ ಮುಂಚೆ ಅದರ ತಾಲೀಮಿನ ಹಾಗೆ ಇನ್ನೊಂದು ಪಾಠ, ಅದನ್ನೂ ಮೇಡಂ ಕೂತು ನೋಡುತ್ತಾರೆ. ವಿಷಯ ನದಿ. ಇವಳು ಮೂರು ದಿನ ಕೂತು ಚಾರ್ಟ್ ಬರೆದಿದ್ದಳು. ಬೆಟ್ಟ, ಬೆಟ್ಟದಿಂದ ನದಿ, ಪಕ್ಕದಲ್ಲಿ ಗದ್ದೆ, ಸೇತುವೆ, ಎಮ್ಮೆ ಸಮೇತ. ಕ್ಲಾಸಿಗೆ ಹೋಗಿ, ಇಲ್ಲಿಯ ಕಾಲೇಜಿನಲ್ಲಿ ಕಲಿಸಿದ ಹಾಗೆಯೇ ಶುರು ಮಾಡಿದಳು: ನಿಮ್ಮ ಮನೆಯ ಹತ್ತಿರ ಇರುವ ನದಿ ಯಾವುದು?

ಯಾರೂ ಉತ್ತರ ಕೊಡಲಿಲ್ಲ. ಕಾದಳು. ಮತ್ತೂ ಕಾದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೌನ ನೋಡಿ ಇವಳಿಗೆ, ಪಾಠ ಓದಿಕೊಂಡು ಬಂದಿಲ್ಲ ಎಂದು ಕೋಪ ಬಂತಂತೆ. ಗದರಿದಳು. ಮೇಡಂ ಪುಸ್ತಕದಲ್ಲಿ ಬರೆದದ್ದು ಎರಡೇ ಸಾಲು: ಈ ಮಕ್ಕಳು ಯಾರೂ ನದಿಯನ್ನು ನೋಡಿಲ್ಲ. ನೀವು ವಿಚಾರಿಸಿದ್ದಿರಾ?

"ಒಂಬತ್ತು ವಾರದಿಂದ ಇಲ್ಲಿದೀನಿ ಅಕ್ಕ. ಆ ಕಡೆಯಿಂದ ಈ ಕಡೆಗೆ ದಿನಾ ನಡೀತೀನಿ. ಒಂದು ಕಾಲುವೆ ಕೂಡ ದಾಟಿಲ್ಲ. ಆದ್ರೂ ಆ ಪ್ರಶ್ನೆ ಕೇಳ್ದೆ."

ಅವಳೇ ಮುಂದುವರಿಸಿದಳು. "ಫ್ಯಾಕ್ಟರೀಲಿ ಒಂದು ಮಾತ್ರೆ ಒಡೆದಿದ್ರೆ ಇಡೀ ಸ್ಟ್ರಿಪ್ ಪಕ್ಕಕ್ಕೆ ಹಾಕ್ತಿದ್ದೆ. ಅದೇ ಕೈ ಅಕ್ಕ ಇದು. ಉತ್ತರ ಬರ್ಲಿಲ್ಲ ಅಂದ ತಕ್ಷಣ ಇಪ್ಪತ್ತು ಮಕ್ಕಳನ್ನ ಪಕ್ಕಕ್ಕೆ ಹಾಕ್ಬಿಟ್ಟೆ."

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಾಯಿ ಹೋದಾಗಲೂ ಅತ್ತಿರಲಿಲ್ಲ. ಫೋನಿನಲ್ಲಿ ಅಳುವವರ ಕಣ್ಣು ಒರೆಸಲು ಆಗುವುದಿಲ್ಲ. ನಾನು ಸುಮ್ಮನೆ ಕೂತೆ. ಕಾಯುವುದನ್ನು ಅವಳಿಂದಲೇ ಕಲಿತಿದ್ದೆನಲ್ಲ.

ಎರಡು ದಿನ ಬಿಟ್ಟು ಮತ್ತೆ ಫೋನ್. ಈಗ ದನಿ ಬೇರೆ ಇತ್ತು. ಪರೀಕ್ಷಾ ಪಾಠಕ್ಕೂ ನದಿಯನ್ನೇ ಕೇಳಿ ತೆಗೆದುಕೊಂಡಿದ್ದಾಳೆ. ಬೇರೆ ಯಾವುದಾದರೂ ಸುಲಭದ್ದು ತಗೋಬಾರದೇನೇ ಎಂದರೆ, ಕೆಡಿಸಿದ್ದನ್ನೇ ಸರಿ ಮಾಡಬೇಕು ಎಂದಳು. ಅವಳ ಯೋಚನೆ ಇದು: ನಮ್ಮ ಮನೆ ಅಂಗಳದ ಸಂಪು, ಅಂದರೆ ನೆಲದೊಳಗಿನ ನೀರಿನ ತೊಟ್ಟಿ, ಅದಕ್ಕೆ ಕಾವೇರಿ ನೀರು ಬರುತ್ತದಲ್ಲ, ಆ ಹೊತ್ತಿಗೆ ನಾನು ವಿಡಿಯೋ ಕಾಲಿನಲ್ಲಿ ಅದನ್ನು ತೋರಿಸಬೇಕು. ನೂರು ಕಿಲೋಮೀಟರ್ ಆಚೆಯ ನದಿ ಪೈಪಿನಲ್ಲಿ ಬಂದು ಒಬ್ಬರ ಮನೆ ಅಂಗಳದಲ್ಲಿ ಬೀಳುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಅಲ್ಲಿಂದ ಹಿಂದಕ್ಕೆ ನಡೆಸಿಕೊಂಡು ಬೆಟ್ಟಕ್ಕೆ ಹೋಗುತ್ತಾಳೆ. "ಚಾರ್ಟ್ ಬೇಡ ಅಕ್ಕ. ನೀವೇ ನನ್ನ ಪಾಠೋಪಕರಣ" ಎಂದಳು.

"ಮಂಗಳವಾರ ಒಂಬತ್ತು ಗಂಟೆಗೆ" ಎಂದಳು. ಒಂಬತ್ತಕ್ಕೆ ಸರಿಯಾಗಿ ಸಿದ್ಧವಾಗಿರುತ್ತೇನೆ ಎಂದೆ.

ನಮ್ಮ ರಸ್ತೆಗೆ ನೀರು ದಿನ ಬಿಟ್ಟು ದಿನ. ಮಂಗಳವಾರ ನಮ್ಮದೇ ಸರದಿ, ಅಷ್ಟು ಪುಣ್ಯ. ಆದರೆ ಹೊತ್ತು ಇಂಥದ್ದೇ ಎಂದು ಇಲ್ಲ. ವಾಲ್ವ್ ತಿರುಗಿಸುವವನು ಯಜಮಾನರಿಗೆ ದೂರದ ಸಂಬಂಧ, ನನ್ನನ್ನು ಅತ್ತಿಗೆ ಎಂದು ಕರೆಯುತ್ತಾನೆ. ಅವನನ್ನು ಕರೆದು ಕಾಫಿ ಕೊಟ್ಟು ವಿಷಯ ಹೇಳಿದೆ.

"ಮದ್ವೆಗೆ ಬಿಟ್ಟಿದೀನಿ, ತಿಥಿಗೆ ಬಿಟ್ಟಿದೀನಿ. ಪಾಠಕ್ಕೆ ನೀರ್ ಬಿಡೋದು ಇದೇ ಮೊದ್ಲು ಅತ್ಗೆ" ಎಂದ.

"ಒಂದು ಹೆಣ್ಣುಮಗು ಜೀವನ ಕಣಪ್ಪ."

"ಅಂಗಾರೆ ಒಂಬತ್ತು ಅಂದ್ರೆ ಒಂಬತ್ತು. ಆದ್ರೆ ಅರ್ಧ ಗಂಟೆ ಅಷ್ಟೇಯ. ಆಮೇಕೆ ಹಿಂದಿನ ರಸ್ತೆಗೆ ತಿರುಗಿಸ್ಲಿಲ್ಲ ಅಂದ್ರೆ ಆ ಹೆಂಗಸ್ರು ನನ್ನೇ ಪೈಪಿಗೆ ತುರುಕ್ತಾರೆ."

ಮಂಗಳವಾರ ಬೆಳಿಗ್ಗೆಯೇ ಸಂಪಿನ ಸುತ್ತ ಗುಡಿಸಿ ತೊಳೆದೆ. ಸಣ್ಣದೊಂದು ರಂಗೋಲಿ ಹಾಕಿದೆ. ಪೈಪಿಗೆ ಅರಿಶಿನ ಕುಂಕುಮ ಹಚ್ಚಿದೆ, ಎಷ್ಟೆಂದರೂ ಕಾವೇರಿ ತಾಯಿ. ಮಗಳ ಮದುವೆಗೆ ತೆಗೆದ ಹಸಿರು ಸೀರೆ ಉಟ್ಟು, ಫೋನ್ ಹಿಡಿದು ನಿಂತೆ. ಒಂಬತ್ತಕ್ಕೆ ಸರಿಯಾಗಿ ಪೈಪು ಗುಟುರು ಹಾಕಿ ನೀರು ಬಂತು. ಎಂಥ ನೀರು. ಕೈಯಗಲ ಧಾರೆ, ಸಂಪಿನಲ್ಲಿ ಧೋ ಎಂದು ಬೀಳುತ್ತಿದೆ. ನನ್ನ ಕಣ್ಣಿನಲ್ಲಿ ನೀರೇ ಬಂತು. ಫೋನ್ ಬರಲಿಲ್ಲ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ನಾನೇ ಮಾಡಿದೆ, ತೆಗೆಯಲಿಲ್ಲ. ಯಜಮಾನರು ಪೇಪರ್ ಮಡಿಚಿಟ್ಟು ಬಂದು ನಿಂತರು. ಒಂಬತ್ತೂವರೆಗೆ ಧಾರೆ ಸಣ್ಣಗಾಗಿ, ನೂಲಾಗಿ, ನಿಂತುಹೋಯಿತು. ನಿಂತ ಮರುಕ್ಷಣ ಫೋನ್ ಹೊಡೆದುಕೊಂಡಿತು.

ಯಜಮಾನರು ಆಗ ನಿಧಾನಕ್ಕೆ ಅಂದರು, "ಅವರ ಒಂಬತ್ತು ಈಗ ಆಯ್ತು ಕಣೇ."

ಅವಳೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅವಳು ನಮ್ಮ ಮಹಡಿಯ ಮೇಲಿಂದ ಮಾತಾಡುತ್ತಿದ್ದಾಳೆ ಎನ್ನುವ ಹಾಗೆಯೇ ನಾನು ಕೇಳಿಸಿಕೊಂಡಿದ್ದೆ. ಅವಳ ಒಂಬತ್ತು ಅಷ್ಟರಲ್ಲಿ ಆ ದ್ವೀಪದ ಒಂಬತ್ತಾಗಿತ್ತು.

ಫೋನ್ ತೆಗೆದೆ. ಬಿಳಿ ಯೂನಿಫಾರ್ಮಿನ ಮಕ್ಕಳು, ಬಿಳಿ ತಲೆವಸ್ತ್ರದ ಹೆಣ್ಣುಮಕ್ಕಳು. ಹಿಂದೆ ಕನ್ನಡಕದ ಮೇಡಂ, ಕೈಯಲ್ಲಿ ಪುಸ್ತಕ. ನನ್ನ ಮುಖ ಅಲ್ಲಿ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ಕಾಣುತ್ತಿತ್ತಂತೆ. "ನೀರು ಹೋಯ್ತು ಕಣಮ್ಮ" ಎಂದೆ. "ಒಂಬತ್ತಕ್ಕೇ ಬಂತು. ನಮ್ಮ ಒಂಬತ್ತಕ್ಕೆ. ಬಂದು ಹೋಯ್ತು."

ಅವಳ ಮುಖದ ಬಣ್ಣ ಬದಲಾದದ್ದು ನನಗೆ ಕಂಡಿತು. ಮಕ್ಕಳಿಗೆ ಬೆನ್ನು ಮಾಡಿ ನಿಂತಿದ್ದಳು, ಅವರಿಗೆ ಕಂಡಿರಲಿಕ್ಕಿಲ್ಲ. "ಪರವಾಗಿಲ್ಲ ಅಕ್ಕ. ಖಾಲಿ ಪೈಪೇ ತೋರಿಸಿ" ಎಂದಳು.

ತೋರಿಸಿದೆ. ಒಂದು ಹನಿ ತೊಟ್ಟಿಕ್ಕಿತು. ಮಕ್ಕಳು ನಕ್ಕರು. ಅವಳು ಅವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, ನದಿ ಬಂದಿತ್ತು, ಈಗ ತಾನೇ ಹೋಯಿತು. ಅಷ್ಟು ನನಗೂ ಅರ್ಥವಾಯಿತು. ಆಮೇಲೆ ಏನೂ ಮಾತಾಡದೆ, ಸೀಮೆಸುಣ್ಣ ಬೆರಳಲ್ಲಿ ತಿರುಗಿಸುತ್ತಾ ಕಾದಳು. ಮಾತಾಡೇ, ಏನಾದರೂ ಹೇಳೇ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಹಿಂದೆ ಕೂತ ಮೇಡಂ ಪೆನ್ನು ಎತ್ತಿದ್ದರು.

ಕೊನೆಯ ಸಾಲಿನಲ್ಲಿ ಒಂದು ಹುಡುಗಿ ಕೈ ಎತ್ತಿ ಏನೋ ಕೇಳಿದಳು. ಟೀಚರಮ್ಮ ನನ್ನ ಕಡೆ ತಿರುಗಿ, "ಅಕ್ಕ, ಸಂಜೆ ಅದೇ ನೀರು ವಾಪಸ್ ಬರುತ್ತಾ ಅಂತ ಕೇಳ್ತಿದಾಳೆ. ಇಲ್ಲಿ ಸಮುದ್ರ ಬೆಳಿಗ್ಗೆ ಹಿಂದಕ್ಕೆ ಹೋಗಿ ಮತ್ತೆ ಬರುತ್ತಲ್ಲ, ಹಾಗೆ. ನೀವೇ ಹೇಳಿ" ಎಂದಳು.

"ಇಲ್ಲ ಮಗಾ" ಎಂದೆ. "ನಾಡಿದ್ದು ಬರುತ್ತೆ. ಆದ್ರೆ ಅದು ಬೇರೆ ನೀರು. ನದೀಲಿ ಹೋದ ನೀರು ವಾಪಸ್ ಬರಲ್ಲ."

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕ್ಲಾಸು ಗದ್ದಲವಾಯಿತು. ಒಬ್ಬರಾದ ಮೇಲೊಬ್ಬರು ಕೇಳಿದರು. ಯಾಕೆ ಬರಲ್ಲ, ಎಲ್ಲಿಗೆ ಹೋಗುತ್ತೆ, ದಾರಿ ಯಾರು ತೋರಿಸ್ತಾರೆ, ಉಪ್ಪಾ ಸಿಹಿಯಾ. ನಾನು ಕಾವೇರಿ ಸಂಗಮದಲ್ಲಿ ಮುಳುಗು ಹಾಕಿದ್ದು, ಕಾಲಡಿಯ ಮರಳನ್ನು ನೀರು ಎಳೆದುಕೊಂಡು ಹೋದದ್ದು, ಹರಿದು ಹರಿದು ಕೊನೆಗೆ ಸಮುದ್ರಕ್ಕೇ ಸೇರುವುದು, ಎಲ್ಲ ಹೇಳಿದೆ. ಅವಳು ಒಂದೊಂದನ್ನೇ ಅವರಿಗೆ ದಾಟಿಸಿದಳು. ಬೋರ್ಡಿನ ಮೇಲೆ ಎರಡು ಗೆರೆ ಎಳೆದಳು. ಒಂದಕ್ಕೆ ಎರಡೂ ಕಡೆ ಬಾಣದ ಗುರುತು, ಅದು ಅವರ ಸಮುದ್ರ. ಇನ್ನೊಂದಕ್ಕೆ ಒಂದೇ ಕಡೆ.

ಮೇಡಂ ಬರೆದದ್ದನ್ನು ಅವಳು ಸಂಜೆ ಓದಿ ಕನ್ನಡದಲ್ಲಿ ಹೇಳಿದಳು. "ಪಾಠ ಯೋಜನೆಯಲ್ಲಿ ಬರೆದದ್ದು ಯಾವುದೂ ನಡೆಯಲಿಲ್ಲ. ಪಾಠ ನಡೆಯಿತು." ಕೆಳಗೆ ಸರಿ ಎಂಬ ಸಹಿ. ನಾನು ಫೋನ್ ಇಟ್ಟು ನೇರ ದೇವರ ಮನೆಗೆ ಹೋದೆ. ಅಂದು ಹೇಳಿಕೊಳ್ಳಲು ಅದೊಂದೇ ಸಾಕಾಯಿತು. ವಾಲ್ವಿನವನಿಗೆ ಮಾರನೆಯ ದಿನ ಒಬ್ಬಟ್ಟು ಕಳಿಸಿದೆ. ಅವನು ಹೇಳಿದ ಹೊತ್ತಿಗೆ ಬಿಟ್ಟು, ಹೇಳಿದ ಹೊತ್ತಿಗೆ ನಿಲ್ಲಿಸಿದ್ದ. ಅವನದೇನೂ ತಪ್ಪಿರಲಿಲ್ಲ.

ವಾಪಸ್ ಬಂದಾಗ ಬಿಸಿಲಿಗೆ ಕಪ್ಪಗಾಗಿದ್ದಳು. ಮೈ ತುಂಬಿಕೊಂಡಿತ್ತು. ಮಕ್ಕಳು ಬರೆದುಕೊಟ್ಟ ಚಿತ್ರಗಳ ಕಟ್ಟು ತಂದಿದ್ದಳು, ಎಲ್ಲದರಲ್ಲೂ ನದಿ. ಒಬ್ಬ ನದಿಯ ಪಕ್ಕದಲ್ಲಿ ಹಸಿರು ಸೀರೆಯ ದಪ್ಪ ಹೆಂಗಸನ್ನೂ ಬರೆದಿದ್ದ. ಅದನ್ನು ನೋಡಿ ಯಜಮಾನರು ಎರಡು ದಿನ ನಕ್ಕರು. ಈಗ ದೋಸೆ ಕೊಟ್ಟರೆ ಬೆಳಕಿಗೆ ಹಿಡಿಯುತ್ತಿರಲಿಲ್ಲ. ಮಾತಾಡುತ್ತಲೇ ತಿಂದು ಮುಗಿಸುತ್ತಿದ್ದಳು. ಆ ಮಕ್ಕಳದೇ ಮಾತು. ಯಾರು ಯಾವ ಬೆಂಚು, ಯಾರು ಎಡಗೈಯಲ್ಲಿ ಬರೆಯುತ್ತಾರೆ, ಯಾರ ಅಪ್ಪ ದೋಣಿಯಲ್ಲಿ ಹೋದರೆ ವಾರಗಟ್ಟಲೆ ಬರುವುದಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಶಾಲೆ ಇದೆ. ಅಲ್ಲಿಯ ಹೆಡ್ ಮೇಡಂ ಸೋಮವಾರ ಗುಡಿಗೆ ಬರುತ್ತಾರೆ. ಅವರಿಗೆ ಇವಳ ವಿಷಯ ಹೇಳಿದೆ, ಒಂದು ಸಲ ಅಲ್ಲ, ನಾಲ್ಕು ಸೋಮವಾರ ಹೇಳಿದೆ. ನಾಲ್ಕನೇ ಸೋಮವಾರ ಅವರು, "ಕರ್ಕೊಂಡು ಬನ್ನಿ, ಸಮಾಜ ಪಾಠಕ್ಕೆ ಒಬ್ಬರು ಬಿಟ್ಟಿದಾರೆ. ಇದೇ ವಾರದಿಂದ ಬರ್ಲಿ" ಎಂದರು. ಗುಡಿಯಿಂದ ಬಸ್ಸಿಗೆ ಕಾಯದೆ ಆಟೋದಲ್ಲಿ ಬಂದೆ. ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ. ಇನ್ನು ಇವಳು ಇಲ್ಲೇ, ಮಧ್ಯಾಹ್ನ ಊಟಕ್ಕೆ ಮನೆಗೇ ಬರಬಹುದು ಎಂದೆಲ್ಲ ಲೆಕ್ಕ ಹಾಕಿಕೊಂಡು.

ಅವಳು ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಫೋನ್. ಆ ದ್ವೀಪದ ಶಾಲೆಯವರು ಬರೆದಿದ್ದರು. ಎರಡು ವರ್ಷದ ಕೆಲಸ, ಬರುತ್ತೀರಾ ಎಂದು.

"ಯಾವಾಗ ಬಂತು?"

"ಬೆಳಿಗ್ಗೆ." ನನಗೆ ಕೂರಲು ಜಾಗ ಬಿಟ್ಟು ಸರಿದಳು. "ಅಕ್ಕ, ಇಲ್ಲೇ ಎಲ್ಲಾದ್ರೂ ಸಿಕ್ಕಿದ್ರೆ ಇಲ್ಲೇ ಇದ್ಬಿಡ್ತೀನಿ. ನಿಮ್ಮನ್ನೆಲ್ಲ ಬಿಟ್ಟು ಅಷ್ಟು ದೂರ ಯಾಕೆ. ನಿಮಗೆ ಗೊತ್ತಿರೋ ಕಡೆ ಏನಾದ್ರೂ ಇದ್ಯಾ?"

ಅವಳ ಬಾಯಿ ನನ್ನನ್ನು ಕೇಳುತ್ತಿತ್ತು. ಬೆರಳು ಮಾತ್ರ ಫೋನಿನ ಮೇಲಿನ ಆ ಕಾಗದವನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಲೇ ಇತ್ತು.

ನಾನು ಸುಳ್ಳು ಹೇಳುವವಳಲ್ಲ. ತರಕಾರಿಯವನಿಗೂ ಹೇಳಿದ್ದಿಲ್ಲ. ಹಣೆಯಲ್ಲಿ ಆಗ ತಾನೇ ಇಟ್ಟ ವಿಭೂತಿ ಇನ್ನೂ ಹಸಿಯಿತ್ತು.

"ಎಲ್ಲಾ ಕಡೆ ಕೇಳ್ದೆ ಕಣಮ್ಮ" ಎಂದೆ. "ಎಲ್ಲೂ ಇಲ್ವಂತೆ. ನೀನು ಹೋಗು."

ಹೆಡ್ ಮೇಡಂಗೆ ಮುಂದಿನ ಸೋಮವಾರ ಹೇಳಿದೆ, ಅವಳಿಗೆ ಬೇರೆ ಕಡೆ ಆಯಿತು ಎಂದು. ಅವಳು ಹೋಗಿ ಈಗ ಎರಡು ತಿಂಗಳಾಯಿತು. ಅವಳಿಗೆ ಇದು ಇವತ್ತಿಗೂ ಗೊತ್ತಿಲ್ಲ. ದೇವರಿಗೆ ಮಾತ್ರ ಹೇಳಿದ್ದೇನೆ. ಕ್ಷಮಿಸು ಎಂದು ಕೇಳಿಕೊಂಡಿಲ್ಲ. ಕೇಳಿಕೊಂಡರೆ ತಪ್ಪು ಮಾಡಿದೆ ಎಂದ ಹಾಗಾಗುತ್ತದೆ.